ರಾಹುಕಾಲಕ್ಕೆ ಮುಂಚೆ ಹೊರಟ ಚೀಲ

ಅಡಿಲೇಡಿನ ಕಿಲ್ಬರ್ನ್‌ನಲ್ಲಿ ಓದುತ್ತಿದ್ದಾಗ, ಬಾಡಿಗೆ ಮನೆಯ ಹರಕು ಸೋಫಾದಲ್ಲಿ ಕೂತು ಒಂದು ಜಪಾನಿ ಸ್ಟುಡಿಯೋದ ಕಾರ್ಟೂನ್ ಸಿನಿಮಾವನ್ನು ಮೊದಲ ಸಲ ನೋಡಿದೆ. ಅಂದು ಹಿಡಿದ ಹುಚ್ಚು ಬ್ರಿಸ್ಬೇನಿನ ಮೊದಲ ಕೆಲಸಕ್ಕೆ ಹೋದರೂ ಬಿಡಲಿಲ್ಲ, ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿ ಮನೆ ಮಾಡಿದರೂ ಬಿಡಲಿಲ್ಲ. ಗಣಿಯ ಕ್ಯಾಂಪಿನಲ್ಲಿ ಉಳಿದವರೆಲ್ಲ ಬಿಯರ್ ಹಿಡಿದು ಟಿವಿಯಲ್ಲಿ ಫುಟಿ ಮ್ಯಾಚ್ ನೋಡುತ್ತಿದ್ದರೆ, ಜಿಯಾಲಜಿಸ್ಟ್ ಆದ ನಾನು ಕೋಣೆ ಬಾಗಿಲು ಹಾಕಿಕೊಂಡು ಬಣ್ಣದ ಮೋಡಗಳನ್ನು ನೋಡಿ ಮೂಗೊರೆಸಿಕೊಳ್ಳುತ್ತಿದ್ದೆ.

ಕೊನೆಗೂ ಆ ಸ್ಟುಡಿಯೋದ ಮ್ಯೂಸಿಯಮ್ಮಿಗೆ ಟಿಕೆಟ್ ಸಿಕ್ಕಿತು. ಶುಕ್ರವಾರ ಹನ್ನೊಂದರಿಂದ ಹನ್ನೆರಡರೊಳಗೆ ಒಳಗೆ ಹೋಗಬೇಕು, ತಡವಾದರೆ ಬಿಡುವುದಿಲ್ಲ. ಮರುದಿನವೇ ಪರ್ತ್‌ಗೆ ವಾಪಸ್. ಮೈಸೂರಿನಿಂದ ನನ್ನ ಮನೆಗೆ ಬಂದಿದ್ದ ಅಮ್ಮನನ್ನೂ ಜೊತೆಗೆ ಎಳೆದುಕೊಂಡು ಟೋಕಿಯೋಗೆ ಹೋದೆ.

ಹಿಂದಿನ ಸಂಜೆ ಹೋಟೆಲಿನಲ್ಲಿ ಅಮ್ಮ ತಕರಾರು ತೆಗೆದಳು.

"ಶುಕ್ರವಾರ ಹತ್ತೂವರೆಯಿಂದ ರಾಹುಕಾಲ ಕಣೇ. ಆಗ ಹೊರಡೋದಾ?"

"ಅಮ್ಮಾ, ರಾಹುಗೆ ಜಪಾನ್ ವೀಸಾ ಸಿಕ್ಕಿರಲ್ಲ, ಸುಮ್ನಿರು."

ಅಮ್ಮ ಸುಮ್ಮನಾದಳು. ಅವಳು ಸುಮ್ಮನಾದರೆ ನಾನು ಹೆದರಬೇಕಿತ್ತು.

ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡಿದರೆ ನನ್ನ ಚೀಲವಿಲ್ಲ. ಟಿಕೆಟ್, ಪಾಸ್‌ಪೋರ್ಟ್ ಎಲ್ಲ ಅದರಲ್ಲೇ.

"ಪ್ರಸ್ಥಾನ ಇಟ್ಟಿದ್ದೀನಿ," ಎಂದಳು ಅಮ್ಮ, ಹೆಮ್ಮೆಯಿಂದ. ಹೊರಡುವ ಗಳಿಗೆ ಕೆಟ್ಟದಿದ್ದರೆ ಸಾಮಾನನ್ನು ಮುಂಚೆಯೇ ಹೊಸ್ತಿಲು ದಾಟಿಸಿ ಇಡುವುದು ನಮ್ಮ ಮನೆಯ ಪದ್ಧತಿ. ಸಾಮಾನು ಹೊರಟರೆ ನಾವೂ ಹೊರಟ ಲೆಕ್ಕ. ಅಜ್ಜಿಯ ಕಾಲದಲ್ಲಿ ಪಕ್ಕದ ಮನೆಯಲ್ಲಿ ಇಡುತ್ತಿದ್ದರು. ಇಲ್ಲಿ ಪಕ್ಕದ ಮನೆ ಎಲ್ಲಿಂದ ತರುವುದು? ಅಮ್ಮ ಹೋಟೆಲಿನ ಕಾರಿಡಾರಿನಲ್ಲಿ ಇಟ್ಟಿದ್ದಳು.

ಬಾಗಿಲು ತೆಗೆದೆ. ಕಾರಿಡಾರ್ ಖಾಲಿ.

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಕೆಳಗೆ ಓಡಿದೆ. ಯಾರೋ ಮರೆತದ್ದೆಂದು ಸಿಬ್ಬಂದಿ ಚೀಲವನ್ನು ಜೋಪಾನವಾಗಿ ಎತ್ತಿಟ್ಟಿದ್ದರು. ಕೊಡಲು ಗುರುತಿನ ಚೀಟಿ ಬೇಕು. ಗುರುತಿನ ಚೀಟಿ ಚೀಲದಲ್ಲಿದೆ! ಕೌಂಟರಿನ ಹುಡುಗಿಗೆ ನನ್ನ ಇಂಗ್ಲಿಷ್ ತಿಳಿಯದು, ನನಗೆ ಅವಳ ಜಪಾನಿ ತಿಳಿಯದು. ಗಡಿಯಾರ ಹನ್ನೊಂದು ದಾಟುತ್ತಿತ್ತು. ನನಗೆ ನಿಜಕ್ಕೂ ಅಳು ಬಂತು.

ಅಷ್ಟರಲ್ಲಿ ಅಮ್ಮ ನಿಧಾನವಾಗಿ ಲಿಫ್ಟಿನಿಂದ ಇಳಿದು ಬಂದು, "ಮೇಲ್ಗಡೆ ಜಿಪ್ ತೆಗಿಯಮ್ಮಾ," ಎಂದು ಅಚ್ಚ ಕನ್ನಡದಲ್ಲಿ ಹೇಳಿ ಕೈಯಲ್ಲಿ ಎಳೆದು ತೋರಿಸಿದಳು. ಆಮೇಲೆ ತನ್ನ ಪರ್ಸಿನಿಂದ ಒಂದು ಅರಿಶಿನದ ಕೊಂಬು ತೆಗೆದು ಕೌಂಟರಿನ ಮೇಲಿಟ್ಟಳು. ಹುಡುಗಿ ಜಿಪ್ ಎಳೆದಳು. ಒಳಗೆ, ಪ್ರಸ್ಥಾನಕ್ಕೆಂದು ಅಮ್ಮ ಇಟ್ಟಿದ್ದ ಅದರದೇ ಜೋಡಿ ಕೊಂಬು. ಅದರ ಕೆಳಗಿನ ಪಾಸ್‌ಪೋರ್ಟಿನ ಫೋಟೋ ನೋಡಿದಳು, ನನ್ನ ಟವೆಲ್ ನೋಡಿದಳು, ತಲೆ ಬಾಗಿಸಿ ಎರಡೂ ಕೈಯಲ್ಲಿ ಚೀಲ ಕೊಟ್ಟಳು. ಅಮ್ಮನೂ ಬಾಗಿದಳು. ಹುಡುಗಿ ಮತ್ತೆ ಬಾಗಿದಳು. ಅವರಿಬ್ಬರನ್ನು ಬಿಡಿಸಿಕೊಂಡು ಬರುವುದೇ ಒಂದು ಕೆಲಸವಾಯಿತು.

ಟ್ಯಾಕ್ಸಿ ಹಿಡಿದು ಹೋದೆವು. ಇನ್ನೇನು ಹನ್ನೆರಡಾಗಬೇಕು ಎನ್ನುವಾಗ ಗೇಟು ದಾಟಿದೆವು.

ಒಳಗೆ ನನಗೆ ವಯಸ್ಸು ಮರೆತುಹೋಯಿತು. ಬಣ್ಣದ ಗಾಜಿನ ಕಿಟಕಿ, ಸುರುಳಿ ಮೆಟ್ಟಿಲು, ಪೆನ್ಸಿಲ್ ತುಣುಕುಗಳು ತುಂಬಿದ ಭರಣಿ. ಚಿತ್ರಗಾರರ ಮೇಜಿನ ಮುಂದೆ ನಿಂತು ಒಬ್ಬಳೇ ನಕ್ಕೆ. ಮಕ್ಕಳನ್ನು ಸರಿಸಿ ಮುಂದೆ ನುಗ್ಗಿದೆ, ನಾಚಿಕೆಯೂ ಆಗಲಿಲ್ಲ. ಇಷ್ಟು ವರ್ಷ ಕಾದದ್ದಕ್ಕೆ ಎಷ್ಟು ನೋಡಿದರೂ ಸಾಲದು ಅನ್ನಿಸಿತು. ಅಮ್ಮ ಬೆಂಚಿನ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಾ, ಗೊಂಬೆಗಳನ್ನಲ್ಲ, ನನ್ನನ್ನೇ ನೋಡುತ್ತಿದ್ದಳು.

ಮೂರು ಗಂಟೆಗೆ ಅವಳ ಕಾಲು ನೋವು ನೆನಪಾಗಿ, ಒಲ್ಲದ ಮನಸ್ಸಿನಿಂದ, "ನಡಿಯಮ್ಮಾ, ಹೊರಡೋಣ," ಎಂದೆ.

ಅಮ್ಮ ಗಡಿಯಾರ ನೋಡಿದಳು. ಅವಳ ಜಗಳವೆಲ್ಲ ರಾಹುವಿನ ಜೊತೆ. ಯಮಗಂಡಕಾಲದ ಮಾತನ್ನು ಅವಳ ಬಾಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿದ್ದಿಲ್ಲ.

"ಈಗ ಯಮಗಂಡಕಾಲ ಕಣೇ, ನಾಲ್ಕೂವರೆ ತನಕ ಹೊರಡೋ ಹಾಗಿಲ್ಲ," ಎಂದಳು. "ಹೋಗು, ಇನ್ನೊಂದ್ಸಲ ನೋಡ್ಕೊಂಡು ಬಾ."