ಹೆಂಗಸರ ವಾರ್ಡಿಗೆ ಬೇಕಾದ ಮಗಳು

ಶರ್ಟಿಗೆ ಗುಂಡಿ ಹಾಕಿ ಹಾಕಿ ‘ಗುಂಡಿ ಟೈಲರ್’ ಎಂದೇ ಹೆಸರಾದವಳಿಗೆ ಬೀದಿಯವರ ಕಾಟ ಅಷ್ಟೇನೂ ಇರಲಿಲ್ಲ. ಪ್ಯಾಂಟಿನ ಜಿಪ್ಪು ಕಿತ್ತುಹೋದವನಿಗೆ ಹೊಲಿಯಲು ಕೂತಿರುವುದು ಗಂಡಸೋ ಹೆಂಗಸೋ ಎಂದು ತಲೆಕೆಡಿಸಿಕೊಳ್ಳಲು ಪುರಸೊತ್ತೆಲ್ಲಿ? ಕಾಟವೆಲ್ಲ ಮನೆಯವರದೇ. ಹಿರೀಮಗನೆಂದು ಬೆಳೆದವಳು ಐದು ವರ್ಷದ ಹಿಂದೆ ‘ನಾನು ಹೆಣ್ಣು’ ಎಂದು ಜಡೆ ಬಿಟ್ಟಾಗ ಅಮ್ಮ ಬಾಗಿಲು ಹಾಕಿಕೊಂಡಳು. ತಮ್ಮ ಬುದ್ಧಿವಂತ, ಅರ್ಧ ತೆರೆದೇ ಇಟ್ಟ. ಗ್ಯಾಸ್ ಸಿಲಿಂಡರ್ ಹೊತ್ತು ಮೂರನೇ ಮಹಡಿ ಹತ್ತಲು ಒಬ್ಬ ಅಣ್ಣ ಬೇಕಿತ್ತಲ್ಲ! ಅವಳೂ ಹಲ್ಲು ಕಚ್ಚಿಕೊಂಡು ಹೊರುತ್ತಿದ್ದಳು. ಅಮ್ಮ ಎಂದಾದರೂ ಒಂದು ಸಲ ಮಗಳೇ ಎಂದಾಳು ಎಂಬ ಹುಚ್ಚು ಆಸೆ.

ಅಷ್ಟರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ರೋಗಿಯ ಜೊತೆಗೆ ಹೆಂಗಸರೇ ಇರಬೇಕು. ಗಂಡಸರು ಸಂಜೆ ಬಂದು ಮುಖ ತೋರಿಸಿ ಹೋಗಬಹುದು, ಅಷ್ಟೇ. ತಮ್ಮನ ಹೆಂಡತಿಗೆ ಆಸ್ಪತ್ರೆಯ ವಾಸನೆ ಆಗಿಬರುವುದಿಲ್ಲವಂತೆ. ಟೈಲರಿಗೆ ತಮ್ಮನ ಫೋನ್ ಬಂತು.

“ಅಕ್ಕಾ, ಬೇಗ ಬಾರೇ.”

ಯಾರದೋ ರಾಂಗ್ ನಂಬರ್ ಇರಬೇಕೆಂದು ಅವಳು ಎರಡು ಸಲ ಹೆಸರು ನೋಡಿದಳು. ಆಮೇಲೆ ಅಂಗಡಿಗೆ ಬೀಗ ಹಾಕಿ ಹೋದಳು.

ಅಮ್ಮನ ಮೈ ಒರೆಸಿದಳು, ತಲೆ ಬಾಚಿದಳು. ಅಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ ಸೇವೆ ಮಾಡಿಸಿಕೊಂಡಳು. ಬಾಯಾರಿದರೆ ‘ಏಯ್, ನೀರು’ ಎನ್ನುವಳು.

ಒಂದು ಸಂಜೆ ತಮ್ಮ ಹೆಂಡತಿಯ ಜೊತೆ ಬಂದ. ಬಂದವನೇ ಅಭ್ಯಾಸಬಲದಿಂದ, “ಅಣ್ಣಾ, ಕಾರು ಸ್ಟಾರ್ಟೇ ಆಗ್ತಿಲ್ಲ, ಸ್ವಲ್ಪ ತಳ್ಳು ಬಾ” ಅಂದುಬಿಟ್ಟ.

ಬಾಗಿಲ ಕಾವಲಿನ ಹೆಂಗಸು ಒಳಗೆ ಬಂದಳು. “ಯಾರ್ರೀ ಇಲ್ಲಿ ಅಣ್ಣ? ಗಂಡಸರು ಉಳ್ಕೊಳ್ಳೋ ಹಾಗಿಲ್ಲ, ಗೊತ್ತಿಲ್ವಾ?”

ತಮ್ಮನ ಮುಖ ಹುಳ್ಳಗಾಯಿತು. ಇವಳನ್ನು ಓಡಿಸಿದರೆ ಅಮ್ಮನ ಹತ್ತಿರ ಕೂರುವವರು ಯಾರು? ಹೆಂಡತಿ ಆಗಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲ ಕಡೆ ಸರಿದಿದ್ದಳು.

“ಅಕ್ಕ... ಅಕ್ಕ ಅಂದೆ” ಎಂದು ಗೊಣಗಿದ.

“ಜೋರಾಗಿ ಹೇಳಪ್ಪಾ. ಅಮ್ಮಂಗೂ ಕೇಳಿಸ್ಲಿ” ಎಂದಳು ಟೈಲರ್.

“ನಮ್ಮಕ್ಕ ರೀ ಇವಳು! ಹುಟ್ಟಿದಾಗಿಂದ!”

ಕಾವಲಿನವಳಿಗೆ ನಂಬಿಕೆ ಬರಲಿಲ್ಲ. “ಅಜ್ಜೀ, ನೀವೇ ಹೇಳಿ. ಇವ್ರು ನಿಮಗೇನಾಗ್ಬೇಕು?”

ಅಮ್ಮ ಮಗನನ್ನು ನೋಡಿದಳು, ಮೂಗು ಮುಚ್ಚಿಕೊಂಡ ಸೊಸೆಯನ್ನು ನೋಡಿದಳು. ಕೊನೆಗೆ ಗೋಡೆ ಬಿಟ್ಟು ಈ ಕಡೆ ತಿರುಗಿದಳು.

“ಮಗಳು. ಹಿರೀಮಗಳು. ಮಗಳೇ, ಬೆಡ್‌ಪ್ಯಾನ್ ಕೊಡೇ, ತಡ್ಕೊಳೋಕಾಗ್ತಿಲ್ಲ.”

ಐದು ವರ್ಷ ಕಾದ ಮಾತು ಬೆಡ್‌ಪ್ಯಾನಿನ ಜೊತೆ ಬಂದಿತ್ತು. ಅವಳಿಗೆ ಅಳು ಬಂತು, ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಪರದೆ ಎಳೆದಳು. ಹೊರಗೆ ತಮ್ಮ ಇನ್ನೂ ನಿಂತೇ ಇದ್ದ.

“ಕಾರು...” ಎಂದ.

“ನೀನೇ ತಳ್ಕೋ. ಅಮ್ಮಂಗೆ ಇರೋನು ಒಬ್ನೇ ಗಂಡುಮಗ” ಎಂದಳು ಪರದೆಯ ಒಳಗಿನಿಂದ. “ನಾಳೆ ಸಿಲಿಂಡರ್ ಬರುತ್ತೆ. ಅದೂ ನಿಂದೇ.”