ಚಿಕ್ಕೀರಪ್ಪ ದಾಟದ ಗುಡ್ಡ

ನನ್ನಿವಾಳದ ಚಿಕ್ಕೀರಪ್ಪ ನಲವತ್ತು ವರ್ಷದಿಂದ ಗುಡ್ಡ ದಾಟುತ್ತಲೇ ಇದ್ದಾನೆ, ಮೈಕಿನ ಮುಂದೆ ನಿಂತು. ಕಾಲಿನಿಂದ ಒಮ್ಮೆಯೂ ದಾಟಿಲ್ಲ. ಇದು ಅವನಿಗೆ ಗೊತ್ತು, ನನಗೆ ಗೊತ್ತು, ಗುಡ್ಡದ ಬುಡದ ಕೆಂಚಕ್ಕನಿಗೆ ಗೊತ್ತು. ಮೂವರೂ ಬಾಯಿ ಮುಚ್ಚಿಕೊಂಡಿದ್ದರಿಂದ ಅವನಿಗೆ ತಾಲ್ಲೂಕಿನಲ್ಲಿ ಹೆಸರು ಬಂತು, ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಬಂತು, ಮನೆಯ ಬೀರು ತುಂಬ ಶಾಲು ಬಂದವು.

ನಡೆದದ್ದು ಇಷ್ಟು. ಶೇಂಗಾ ಬೆಲೆಗಾಗಿ ಚಳ್ಳಕೆರೆಯ ಮಾರ್ಕೆಟ್ ಯಾರ್ಡಿನ ಮುಂದೆ ನಾವು ಲಾರಿ ತಡೆದ ವರ್ಷ. ಚಳವಳಿ ರಾಂಪುರಕ್ಕೂ ಹಬ್ಬಬೇಕಿತ್ತು. ಕರಪತ್ರಗಳು ಮೊಳಕಾಲ್ಮೂರಿನಲ್ಲಿ ಅಚ್ಚಾಗಿ ಕೂತಿದ್ದವು. ರಸ್ತೆಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಚೀಲ ಬಿಚ್ಚಿಸುತ್ತಿದ್ದರು. ಉಳಿದದ್ದು ಗುಡ್ಡ. ಹದ್ದಿನಗುಡ್ಡ ಹತ್ತಿ, ನಡುವಿನ ಮುಳ್ಳುಕಾಡು ನುಗ್ಗಿ, ಜೋಡಿಬಂಡೆ ಗುಡ್ಡದ ಆಚೆ ಮಗ್ಗುಲಿಗೆ ಇಳಿದರೆ ರಾಂಪುರದ ಹುಡುಗರು ಕಾದಿರುತ್ತಾರೆ ಎಂದು ಮಾತಾಗಿತ್ತು. ಎರಡು ಗುಡ್ಡದ ನಡುವೆ ಹಾದಿ ಎಂಬುದಿಲ್ಲ. ಬಂಡೆ, ಜಾಲಿ, ಕರಡಿ ಇವೆ. ಚಿಕ್ಕೀರಪ್ಪ ಎದೆ ತಟ್ಟಿಕೊಂಡು ಕಟ್ಟನ್ನು ಹೆಗಲಿಗೇರಿಸಿದ. ನಾನು ಅವನ ಜೊತೆ ಹದ್ದಿನಗುಡ್ಡದ ಬುಡದವರೆಗೆ ಹೋದೆ. ಅಲ್ಲಿ ಅವನಿಗೆ ಕರಡಿಯ ಲದ್ದಿ ಕಂಡಿತು. ಒಣಗಿ ಎರಡು ದಿನವಾಗಿದ್ದ ಲದ್ದಿ. ಗಂಡಸು ಅಲ್ಲೇ ಕೂತುಬಿಟ್ಟ.

ಆ ಹೊತ್ತಿಗೆ ಸೀತಾಫಲದ ಮಂಕರಿ ಹೊತ್ತ ಹುಡುಗಿಯೊಬ್ಬಳು ಬಂದಳು. ಬಸ್ಸಿನಲ್ಲಿ ಮಂಕರಿಗೂ ಟಿಕೆಟ್ ಕೇಳುತ್ತಾರೆಂದು ಗುಡ್ಡದ ಮೇಲಿಂದಲೇ ರಾಂಪುರಕ್ಕೆ ಹೋಗಿ ಮಾರಿ ಬರುವವಳು. ಚಿಕ್ಕೀರಪ್ಪ ಅವಳ ಮಂಕರಿಯಿಂದ ಅರ್ಧ ಹಣ್ಣು ನೆಲಕ್ಕೆ ಸುರಿದು, ಕಟ್ಟನ್ನು ತಳಕ್ಕಿಟ್ಟು, ಮಿಕ್ಕ ಹಣ್ಣು ಮೇಲೆ ಮುಚ್ಚಿ ಕಳಿಸಿದ. ಅವಳೇ ಕೆಂಚಕ್ಕ. ಕಟ್ಟನ್ನು ರಾಂಪುರದ ಹುಡುಗರ ಕಣ್ಣಿಗೆ ಬೀಳುವಲ್ಲಿಟ್ಟು ಅವಳು ಹಣ್ಣು ಮಾರಲು ಹೋದಳು, ತಂದವರು ಯಾರೆಂದು ಅವರಿಗೆ ತಿಳಿಯಲಿಲ್ಲ. ಸಂಜೆಯೊಳಗೆ ಕರಪತ್ರ ಊರು ಮುಟ್ಟಿತು, ಮರುದಿನ ರಸ್ತೆ ಬಂದ್ ಆಯಿತು. ಚಿಕ್ಕೀರಪ್ಪ ಭಾವನ ಮನೆಯಲ್ಲಿ ಮೂರು ದಿನ ಉಂಡು ಮಲಗಿದ್ದು ನಾಲ್ಕನೆಯ ದಿನ ಗಡ್ಡ ಬಿಟ್ಟುಕೊಂಡು ಹೊರಬಿದ್ದ.

ಗುಡ್ಡ ದಾಟಿದವರು ಯಾರೆಂದು ಬರೆಯಬೇಕಾದವನು ನಾನು. ಚಳವಳಿಯ ಸ್ಮರಣ ಸಂಚಿಕೆಯಲ್ಲಿ ಚಿಕ್ಕೀರಪ್ಪ ಎಂದು ಬರೆದೆ. ಕೆಂಚಕ್ಕನ ಹೆಸರು ಹಾಕಿದರೆ ಪೊಲೀಸರು ಅವಳ ಗುಡಿಸಲಿಗೆ ಹೋಗುತ್ತಾರೆ ಎಂದು ನೆಪ ಹೇಳಿಕೊಂಡೆ. ಚಳವಳಿಯ ಮೇಲೆ ಹಾಕಿದ್ದ ಕೇಸು ಬಿದ್ದುಹೋದ ಮೇಲೂ ತಿದ್ದಲಿಲ್ಲ. ನಮಗೆ ಆರಡಿ ಎತ್ತರದ, ಮೀಸೆ ಹುರಿ ಮಾಡಿದ ಗಂಡಸೊಬ್ಬ ಬೇಕಿತ್ತು, ಅವನು ಸಿಕ್ಕ. ಈ ಹೊಲಸಿನಲ್ಲಿ ನನ್ನ ಕೈಯೂ ಮೊಣಕೈವರೆಗೆ ಅದ್ದಿದೆ.

ಆಮೇಲಿನ ಅವನ ಬಾಳೆಲ್ಲ ಆ ಒಂದು ನಡಿಗೆಯ ಮೇಲೆ ನಿಂತಿತು. ಅದನ್ನು ಹೇಳಿಯೇ ತಾಲ್ಲೂಕು ಪಂಚಾಯಿತಿಗೆ ಗೆದ್ದ, ಅದನ್ನು ಹೇಳಿಯೇ ಎರಡನೆಯ ಸಲ ಸೋತ. ಮೊದಲ ವರ್ಷ ಅವನ ಕತೆಯಲ್ಲಿ ಕರಡಿಯ ಹೆಜ್ಜೆ ಇತ್ತು. ಮೂರನೆಯ ವರ್ಷ ಕರಡಿಯೇ ಬಂತು. ಈಗ ತಾಯಿ ಕರಡಿ ಒಂದು, ಮರಿ ಎರಡು, ಹೆಗಲ ಮೇಲಿನ ಕಟ್ಟು ಕೆಳಗಿಡದೆ ಬರೀ ಕಣ್ಣಿನಿಂದ ಅವನ್ನು ಹಿಂದಕ್ಕೆ ಅಟ್ಟಿದ ಎಂಬಲ್ಲಿಗೆ ಬಂದಿದೆ. ವೇದಿಕೆಯ ಮೇಲೆ ಪಕ್ಕದಲ್ಲಿ ಕೂತು ನಾನು ಎಷ್ಟೋ ಸಲ ಚಪ್ಪಾಳೆ ಹೊಡೆದಿದ್ದೇನೆ.

ಹೋದ ವರ್ಷ ಚಳ್ಳಕೆರೆಯಲ್ಲಿ ಬೆಳಗಿನ ವಾಕಿಂಗ್ ಮಾಡುವವರು ಸೇರಿ ಚಾರಣ ಬಳಗ ಕಟ್ಟಿಕೊಂಡರು. ಮುಂದಾಳು ರವಿಕಿರಣ್, ಎಣ್ಣೆ ಮಿಲ್ಲಿನವನು. ಗಾಣದ ಮೂಟೆ ಹೊರುವವರ ಬೆನ್ನು ನೋಡುತ್ತಲೇ ಬೆಳೆದವನಿಗೆ ಈಗ ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವ ಆಸೆ ಹುಟ್ಟಿತ್ತು. ಮಡಚುವ ಕೋಲು, ನೀರು ಹೀರುವ ನಳಿಕೆ, ಮುಳ್ಳು ತಾಗದ ಪ್ಯಾಂಟು ಎಲ್ಲ ಕೊರಿಯರಿನಲ್ಲಿ ಬಂದಿದ್ದವು. ಹಾದಿ ಇರುವ ಗುಡ್ಡ ಇವರಿಗೆ ಸಾಲದು. ಹಾದಿ ಇದ್ದರೆ ಅದರ ಮೇಲೆ ಯಾರು ಬೇಕಾದರೂ ನಡೆದುಬಿಡುತ್ತಾರಲ್ಲ! ಹದ್ದಿನಗುಡ್ಡದ ತುದಿಯಿಂದ ಜೋಡಿಬಂಡೆಯ ತುದಿಗೆ ಹಾದಿಯಿಲ್ಲದಲ್ಲೇ ನುಗ್ಗಬೇಕೆಂದು ತೀರ್ಮಾನಿಸಿ, ಅರಣ್ಯ ಇಲಾಖೆಯ ಅನುಮತಿಯನ್ನೂ ತಂದರು. ಆಮೇಲೆ ಚಿಕ್ಕೀರಪ್ಪನನ್ನು ಕರೆಸಿದರು. ಅವನ ಜೊತೆ ನನ್ನನ್ನೂ.

"ನೀವು ದಾಟಿದ ರೂಟನ್ನೇ ನಾವು ಮಾಡ್ಬೇಕು ಸಾರ್," ಎಂದ ರವಿಕಿರಣ್. "ನೀವು ನಡೀಬೇಕಂತಿಲ್ಲ, ಕೂತ್ಕಂಡು ಪ್ಲಾನ್ ಹಾಕಿಕೊಡಿ ಸಾಕು. ಗುಡ್ಡದ ಬುಡದಾಗೆ ಬೋರ್ಡ್ ಹಾಕಿಸ್ತೀವಿ, 'ಚಿಕ್ಕೀರಪ್ಪ ಹಾದಿ' ಅಂತ."

ಬೋರ್ಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ಚಿಕ್ಕೀರಪ್ಪನ ಕುತ್ತಿಗೆ ಒಂದಿಷ್ಟು ಉದ್ದವಾಯಿತು. "ಅದಕ್ಕೇನಂತೆ, ಕಣ್ಮುಚ್ಚಿದ್ರೆ ಒಂದೊಂದು ಕಲ್ಲೂ ಕಾಣ್ತೈತೆ," ಎಂದ. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ನನ್ನ ರಟ್ಟೆ ಹಿಡಿದ.

"ಲೇ ಹುಲಿಯಾ, ಕೆಂಚಕ್ಕ ಅದಾಳೇನ್ಲೇ ಇನ್ನೂ?"

"ಅದಾಳೆ. ನಿನಗಿಂತ ಗಟ್ಟಿ ಅದಾಳೆ. ಯಾಕೆ?"

"ದಾರಿ ಕೇಳ್ಬೇಕಿತ್ತು."

"ಕಣ್ಮುಚ್ಚಿದ್ರೆ ಕಾಣ್ತೈತೆ ಅಂದ್ಯಲ್ಲೋ ಈಗ. ಮುಚ್ಚು ಮತ್ತೆ."

"ನಗಬ್ಯಾಡ ಲೇ. ತಪ್ಪು ದಾರಿ ಹೇಳಿದ್ರೆ ಆ ಹುಡುಗರು ಗುಡ್ಡದಾಗೆ ಸಿಕ್ಕಾಕ್ಕಂತಾರೆ, ಆಗ ಎಲ್ಲರಿಗೂ ಗೊತ್ತಾಗ್ತೈತೆ. ಈ ವಯಸ್ನಾಗೆ ನನ್ನ ಹೆಸರು ಮಣ್ಣಾಗ್ತೈತೆ. ನಿಂದೂ ಆಗ್ತೈತೆ, ಬರ್ದೋನು ನೀನು."

ಹುಡುಗರು ಕಾಡಿನಲ್ಲಿ ಸಿಕ್ಕಿಕೊಂಡರೆ ಏನಾದೀತು ಎಂಬ ಚಿಂತೆ ಆ ಮಾತಿನಲ್ಲಿ ಇರಲಿಲ್ಲ. ಆದರೂ ಮರುದಿನ ಅವನ ಜೊತೆ ಹೋದೆ.

ಕೆಂಚಕ್ಕ ಮನೆ ಮುಂದೆ ಕೂತು ಸೀತಾಫಲ ಆರಿಸುತ್ತಿದ್ದಳು. ಹಣ್ಣಾಗಲು ಕಣ್ಣು ಬಿಟ್ಟ ಕಾಯಿ ಒಂದು ಕಡೆ, ಬಿಡದ್ದು ಇನ್ನೊಂದು ಕಡೆ. ಅರವತ್ತು ದಾಟಿದೆ, ಎತ್ತರ ನಾಲ್ಕೂ ಮುಕ್ಕಾಲು ಅಡಿ ಇದ್ದಾಳು. ಚಿಕ್ಕೀರಪ್ಪನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಬಾ ಹುಲಿಯಣ್ಣ. ಇವರ್ಯಾರು, ಕರಡಿ ಓಡ್ಸಿದ ಚಿಕ್ಕೀರಣ್ಣಾರಾ?"

ಚಿಕ್ಕೀರಪ್ಪ ಹಲ್ಲು ಗಿಂಜಿದ. "ಏನ್ ತಾಯಿ, ಚೆನ್ನಾಗಿದೀಯಾ?"

"ಚೆನ್ನಾಗಿದೀನಿ. ಅವತ್ತು ಅರ್ಧ ಮಂಕರಿ ಹಣ್ಣು ನೆಲಕ್ಕೆ ಸುರುದ್ಯಲ್ಲ, ಅದಕ್ಕೆ ನಮ್ಮವ್ವ ನನಗೆ ಪೊರಕೇಲಿ ಬಿಟ್ಟಿದ್ಲು. ಅದೊಂದು ಮರ್ತಿಲ್ಲ. ಈಗೇನು, ಇನ್ನೊಂದು ಕಟ್ಟು ತಂದೀಯಾ?"

ನಾನು ವಿಷಯ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಎಷ್ಟೊತ್ತಿಗೆ ಹೊರಡ್ತಾರಂತೆ?"

"ತಿಂಡಿ ಮಾಡ್ಕಂಡು ಎಂಟೂವರೆಗೆ," ಎಂದ ಚಿಕ್ಕೀರಪ್ಪ.

"ಎಂಟೂವರೆಗೆ ನಾನು ಮೂರ್ನೇ ಕಲ್ಲು ಬಿಟ್ಟಿರ್ತೀನಿ. ಬಂಡೆ ಕಾದ ಮ್ಯಾಗೆ ಅಲ್ಲಿ ಏನ್ ಮಾಡ್ತಾರೆ, ರೊಟ್ಟಿ ಸುಡ್ತಾರಾ?"

"ಯಾವ ಕಲ್ಲು?" ಎಂದು ಚಿಕ್ಕೀರಪ್ಪ ಜೇಬಿನಿಂದ ಡೈರಿ ತೆಗೆದ.

ಆಗ ಅವಳು ತನ್ನ ದಾರಿ ಹೇಳಿದಳು. ಮುಚ್ಚಿಡುವ ಬುದ್ಧಿ ಅವಳಿಗಿರಲಿಲ್ಲ; ಹೇಳಿದರೆ ತನಗೇನು ಹೋಗುತ್ತದೆ ಎಂಬ ಧಾಟಿ. ತುಂಬಿದ ಮಂಕರಿಯನ್ನು ಒಬ್ಬಳೇ ನೆಲಕ್ಕಿಳಿಸಿದರೆ ಮತ್ತೆ ತಲೆಗೆ ಎತ್ತಿಕೊಡುವವರಿಲ್ಲ. ಅದಕ್ಕೆ ದಣಿವಾರಿಸಿಕೊಳ್ಳಲು ಎದೆಮಟ್ಟದ ಕಲ್ಲು ಬೇಕು. ಕಲ್ಲಿಗೆ ಎದೆ ಆನಿಸಿ ಮಂಕರಿಯನ್ನು ಅದರ ಮೇಲೆ ಜಾರಿಸಬೇಕು, ಉಸಿರು ಬಂದ ಮೇಲೆ ಬಗ್ಗಿ ತಲೆ ಕೊಟ್ಟು ಎತ್ತಿಕೊಳ್ಳಬೇಕು. ಅಂಥ ಕಲ್ಲು ಎರಡು ಗುಡ್ಡದ ನಡುವೆ ಎಂಟಿವೆ. ಒಂದರಿಂದ ಇನ್ನೊಂದಕ್ಕೆ ಹೊರೆ ಹೊತ್ತು ತಡೆಯುವಷ್ಟು ದೂರ. ನೇರ ಹೋಗುವಂತಿಲ್ಲ, ಕಲ್ಲು ಇರುವ ಕಡೆಗೇ ತಿರುಗಿ ತಿರುಗಿ ಹೋಗಬೇಕು. ಐದನೆಯ ಕಲ್ಲಿನ ಬಳಿ ಬಂಡೆಯ ಗುಳಿಯ ದೊಣೆಯಲ್ಲಿ ನೀರು. ಅವಳ ಅವ್ವ, ಅವ್ವನ ಅತ್ತೆ ಹುಡುಕಿಟ್ಟ ದಾರಿ ಅದು.

"ಇಷ್ಟೆತ್ತರ ಇರ್ತಾವೆ," ಎಂದು ಎದ್ದು ನಿಂತು ಎದೆಗೆ ಅಡ್ಡ ಕೈ ಇಟ್ಟು ತೋರಿಸಿದಳು. ಚಿಕ್ಕೀರಪ್ಪ ಆ ಕೈ ನೆಲದಿಂದ ಎಷ್ಟು ಮೇಲಿದೆ ಎಂದು ದಿಟ್ಟಿಸಿ ನೋಡಿ ಬರೆದುಕೊಂಡ.

ಹೊರಡುವಾಗ ಅವನು ದನಿ ತಗ್ಗಿಸಿದ. "ಯಾರಾದ್ರೂ ಬಂದು ಕೇಳಿದ್ರೆ..."

"ನನ್ನನ್ನ್ಯಾರು ಕೇಳ್ತಾರಪ್ಪ? ಇಷ್ಟು ವರ್ಷ ಯಾರ್ ಕೇಳಿದ್ರು?" ಎಂದಳು. ಆ ಮಾತು ಅವನಿಗಲ್ಲ, ನನಗೆ ಹೇಳಿದ್ದು.

ಮುಂದಿನ ಭಾನುವಾರ ಎಣ್ಣೆ ಮಿಲ್ಲಿನ ಮಹಡಿಯಲ್ಲಿ ಪ್ಲಾನಿಂಗ್ ಸಭೆ. ಗೋಡೆಯ ಮೇಲೆ ಆಕಾಶದಿಂದ ತೆಗೆದ ಗುಡ್ಡಗಳ ಚಿತ್ರ. ರವಿಕಿರಣ್ ಎರಡು ತುದಿಗಳ ನಡುವೆ ಕೆಂಪು ಗೆರೆ ಎಳೆದು, "ನೇರ ಹೋದ್ರೆ ಆರೇ ಕಿಲೋಮೀಟರ್" ಎಂದ. ಬಳಗದ ಹತ್ತು ಜನ ಬರೀ ಆರೇ ಎಂದು ಬೇಸರಪಟ್ಟರು. ಮೂಲೆಯಲ್ಲಿ ಒರಗಿಸಿಟ್ಟ ಹಳದಿ ಬೋರ್ಡಿನ ಬಣ್ಣ ಇನ್ನೂ ವಾಸನೆ ಹೊಡೆಯುತ್ತಿತ್ತು.

ಚಿಕ್ಕೀರಪ್ಪ ಎದ್ದು ನಿಂತು ಡೈರಿ ನೋಡದೆ ಹೇಳಿದ. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದನೆಂದು ಕಾಣುತ್ತದೆ. "ಮೊದಲ್ನೇ ಕಲ್ಲು ತಾರೆ ಮರದ ಎಡಕ್ಕೆ. ಕರಪತ್ರದ ಕಟ್ಟು ಹೆಗಲ ಮ್ಯಾಗೆ. ಕಲ್ಲಿನ ಮ್ಯಾಗಿಟ್ಟು ಸುಧಾರಿಸ್ಕಂಡೆ. ಎರಡ್ನೇದು ಕೊರಕಲಿನ ಆಚೆ, ಅಲ್ಲೂ ಇಳಿಸ್ದೆ." ಎಂಟೂ ಕಲ್ಲು ಮುಗಿಸಿದ. ರವಿಕಿರಣ್ ಒಂದೊಂದಕ್ಕೂ ಚುಕ್ಕೆ ಇಡುತ್ತಾ ಹೋದ.

ರಶ್ಮಿತಾ ಎಂಬಾಕೆ ಕೈ ಎತ್ತಿದಳು. ರಾಂಪುರದ ಕಡೆಯವಳು, ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾಳೆ. ಆ ಗುಂಪಿನಲ್ಲಿ ಹುಲ್ಲಿನ ಹೊರೆ ಹೊತ್ತು ಬೆಳೆದವಳು ಅವಳೊಬ್ಬಳೇ.

"ಸಾರ್, ಆ ಕಲ್ಲು ಎಷ್ಟೆತ್ತರ ಇರ್ತಾವೆ? ನಾವು ಗುರುತು ಹಿಡೀಬೇಕಲ್ಲ."

"ಎದೆಮಟ್ಟ ತಾಯಿ. ಇಷ್ಟು," ಎಂದು ಚಿಕ್ಕೀರಪ್ಪ ಗಾಳಿಯಲ್ಲಿ ಕೈ ಹಿಡಿದು ತೋರಿಸಿದ. ಕೆಂಚಕ್ಕ ತೋರಿಸಿದ್ದಷ್ಟೇ ಎತ್ತರ. ಅವನ ಆರಡಿ ಮೈಗೆ ಅದು ಹೊಕ್ಕುಳಿನ ಹತ್ತಿರ ಬಂತು.

"ಅದು ನಿಮ್ಮ ಎದೆಮಟ್ಟ ಅಲ್ವಲ್ಲ ಸಾರ್, ಹೊಟ್ಟೆಮಟ್ಟ."

ಒಬ್ಬಿಬ್ಬರು ನಕ್ಕರು. ಅವಳು ನಗಲಿಲ್ಲ. "ಹೆಗಲ ಮೇಲಿನ ಕಟ್ಟನ್ನ ಎಲ್ಲಿ ಬೇಕಾದ್ರೂ ದೊಪ್ಪಂತ ಹಾಕಿ ಕೂತ್ಕೋಬಹುದು. ಅದಕ್ಕೆ ಕಲ್ಲು ಹುಡುಕಿ ಹುಡುಕಿ ಯಾಕೆ ಹೋದ್ರಿ? ನಮ್ಮವ್ವ ತಲೆಹೊರೆ ಇಳಿಸ್ತಿದ್ದಿದ್ದು ಇಂಥ ಕಲ್ಲಿನ ಮೇಲೆ. ಇದು ಹೆಣ್ಮಕ್ಕಳ ದಾರಿ ಸಾರ್. ಯಾರದು ಇದು?"

"ನಾನೂ... ತಲೆ ಮ್ಯಾಲೇ ಹೊತ್ಕಂಡಿದ್ದೆ," ಎಂದ ಚಿಕ್ಕೀರಪ್ಪ.

"ಈಗ ತಾನೇ ಹೆಗಲು ಅಂದ್ರಿ."

ಅವನು ನನ್ನ ಕಡೆ ತಿರುಗಿದ. "ಲೇ ಹುಲಿಯಾ, ನೀನಿದ್ಯಲ್ಲೋ ಅವತ್ತು. ನೀನೇ ಹೇಳು ಇವರಿಗೆ."

ಹೇಳಿದೆ. ಲದ್ದಿಯಿಂದ ಹಿಡಿದು ಭಾವನ ಮನೆಯ ಊಟದವರೆಗೆ, ನಾನು ಬರೆದ ಸುಳ್ಳೂ ಸೇರಿ. ಕೆಂಚಕ್ಕನ ಹೆಸರನ್ನು, ಊರನ್ನು ಎರಡೆರಡು ಸಲ ಹೇಳಿದೆ. ಐದು ನಿಮಿಷವೂ ಹಿಡಿಯಲಿಲ್ಲ. ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಐದು ನಿಮಿಷದ ಮಾತು.

ಯಾರಾದರೂ ಉಗಿಯುತ್ತಾರೆ ಎಂದುಕೊಂಡಿದ್ದೆ. ಉಗಿಯುವುದಕ್ಕೂ ಒಂದಿಷ್ಟು ಕಾಳಜಿ ಬೇಕು. ರವಿಕಿರಣ್ ಮೂಲೆಯ ಬೋರ್ಡಿನ ಕಡೆ ನೋಡಿ ತಲೆ ಕೆರೆದುಕೊಂಡ.

"ಒಂದ್ ಕೆಲ್ಸ ಮಾಡಣ. ಬೋರ್ಡ್ ಬರ್ಸಿದ್ದು ಆಗಿಹೋಗೈತೆ, ಟೀ ಶರ್ಟಿನ ಮೇಲೂ ಅದೇ ಹೆಸರು ಕೊಟ್ಟಿದೀವಿ. ಆ ಅಮ್ಮಂದು ಕೆಳಗೆ ಸಣ್ಣ ಅಕ್ಷರದಾಗೆ ಸೇರ್ಸಿದ್ರೆ ಆಯ್ತು, ಸಹಕಾರ ಅಂತ. ಏನ್ ಸಾರ್?"

"ಆ ಬೋರ್ಡಿನ ಕೆಳಗೆ ನಾನು ನಡೆಯಲ್ಲ," ಎಂದಳು ರಶ್ಮಿತಾ. "ಬೇಕೋ ಬೇಡವೋ ಚಿಕ್ಕೀರಪ್ಪನವರೇ ಹೇಳ್ಲಿ."

ಎಲ್ಲರೂ ಅವನನ್ನೇ ನೋಡಿದರು. ಬೇಡ ಎಂಬ ಎರಡಕ್ಷರದ ಮಾತು. ಅದನ್ನು ಹೇಳಿದ್ದರೆ ಅವನ ಹಳೆಯದನ್ನೆಲ್ಲ ನಾನು ಅಲ್ಲೇ ಮರೆಯುತ್ತಿದ್ದೆ. ಚಿಕ್ಕೀರಪ್ಪ ಶಾಲು ಸರಿಮಾಡಿಕೊಂಡು, "ಬರ್ಸಾಗೈತಲ್ಲ, ಯಾಕೆ ಸುಮ್ನೆ ಹಾಳು ಮಾಡೋದು, ಇರ್ಲಿ ಬಿಡ್ರಿ," ಎಂದ.

ಅವನು ಕರಡಿಗೆ ಹೆದರಿ ಕೂತದ್ದನ್ನು ನಾನೆಂದೂ ಆಡಿಕೊಂಡವನಲ್ಲ. ಕಾಡಿನ ಬಾಯಲ್ಲಿ ಯಾರ ಕಾಲಾದರೂ ನಡುಗೀತು. ಲಾಠಿ ಬೀಸುವಾಗ ನಾನೂ ಚರಂಡಿಗೆ ಹಾರಿದ್ದುಂಟು. ಆದರೆ ಆ ಮಹಡಿಯಲ್ಲಿ ಕರಡಿ ಇರಲಿಲ್ಲ, ಪೊಲೀಸರಿರಲಿಲ್ಲ. ಫ್ಯಾನು ತಿರುಗುತ್ತಿತ್ತು, ಮುಂದೆ ಟೀ ಇತ್ತು.

ರಶ್ಮಿತಾ ತನ್ನ ಚೀಲ ಎತ್ತಿಕೊಂಡಳು. ಕೆಂಚಕ್ಕನ ಊರಿಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಹೇಳಿದೆ, ನಾನೂ ಬರುತ್ತೇನೆ ಎಂದೂ ಹೇಳಿ ಎದ್ದೆ. ನಾವಿಬ್ಬರೂ ಮೆಟ್ಟಿಲು ಇಳಿಯುವಾಗ ಚಿಕ್ಕೀರಪ್ಪ ಕೈ ಎರಡೂ ಅಗಲಿಸಿ ನಿಂತು ಟೀ ಶರ್ಟಿಗೆ ಎದೆಯ ಅಳತೆ ಕೊಡುತ್ತಿದ್ದ.