ಸೀಲು ಬೀಳುವ ತನಕ

ಡುಮಾಂಗಾಸ್ ಊರಿನ ನಮ್ಮ ಓಣಿಯಲ್ಲಿ ಎದುರು ಸಿಕ್ಕವರನ್ನು ಜನ ಊಟವಾಯಿತೇ ಎಂದು ಕೇಳುತ್ತಾರೆ. ನನ್ನ ಅಕ್ಕ ಪ್ಲಾಸಿದಾಗೆ ಆ ಅಭ್ಯಾಸವೇ ಇರಲಿಲ್ಲ. ಮನೆಗೆಲಸಕ್ಕೆಂದು ಪರದೇಶಕ್ಕೆ ಹೊರಟ ಹುಡುಗಿ ಕಣ್ಣಿಗೆ ಬಿದ್ದರೆ ಸಾಕು, ನಾನು ಬಾಳೆಹಣ್ಣು ಕರಿಯುವ ಬಂಡಿಯ ಪಕ್ಕ ಕೂತಲ್ಲಿಂದಲೇ ಕೂಗು ಹಾಕುತ್ತಿದ್ದಳು.

"ಏಯ್, ನಿಲ್ಲೇ! ಕಾಂಟ್ರಾಕ್ಟಿಗೆ ಸೀಲು ಬಿತ್ತಾ?"

"ಬೀಳುತ್ತೆ ಬಿಡಿ ಅತ್ತೆ. ಏಜೆಂಟ್ ಹೇಳಿದಾನೆ."

"ಏಜೆಂಟ್ ನಿಮ್ಮಪ್ಪನಾ? ಬಾ ಇಲ್ಲಿ, ಈ ಕೈ ನೋಡು. ಇದೂ ಏಜೆಂಟ್ ಮಾತು ಕೇಳಿದ ಕೈಯೇ."

ಹುಡುಗಿಯರು ಅವಳ ಬೆನ್ನ ಹಿಂದೆ 'ಸೀಲಜ್ಜಿ' ಎಂದು ನಗುತ್ತಿದ್ದರು. ಎದುರಿಗೆ ಕೂತು ಕಾಗದ ಬಿಚ್ಚಿ ಓದಿಸಿಕೊಳ್ಳುತ್ತಲೂ ಇದ್ದರು. ಯಜಮಾನ ಯಾರು, ಎಷ್ಟು ಮನೆಯ ಕೆಲಸ, ವಾರಕ್ಕೊಂದು ರಜೆ ಉಂಟೋ ಇಲ್ಲವೋ, ಇದನ್ನೆಲ್ಲ ಆ ದೇಶದಲ್ಲಿರುವ ನಮ್ಮ ಸರ್ಕಾರದ ಕಚೇರಿಯವರು ನೋಡಿ, ಸರಿ ಇದ್ದರೆ ಮುದ್ರೆ ಒತ್ತಬೇಕು. ಆ ಮುದ್ರೆ ಇಲ್ಲದ ಕರಾರು ಅಕ್ಕನ ಲೆಕ್ಕದಲ್ಲಿ ಮೀನು ಸುತ್ತುವ ಕಾಗದ.

ಅವಳ ಬಲಗೈ ಮೊಣಕೈ ಹತ್ತಿರ ಸೊಟ್ಟ. ಗಂಡ ಸತ್ತು, ಮಗಳು ಜೋವೆಲಿನ್ ಇನ್ನೂ ತೊದಲು ಮಾತಾಡುತ್ತಿದ್ದಾಗ ಅಕ್ಕ ಕೊಲ್ಲಿಯ ದೇಶಕ್ಕೆ ದುಡಿಯಲು ಹೋಗಿದ್ದಳು. ಇಲ್ಲಿ ಸಹಿ ಹಾಕಿದ್ದು ಒಂದು ಕಾಗದಕ್ಕೆ. ಅಲ್ಲಿ ಇಳಿದ ಮೇಲೆ ಓದಲು ಬಾರದ ಇನ್ನೊಂದನ್ನು ಮುಂದಿಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರಂತೆ. ಒಂದು ಮನೆ ಎಂದದ್ದು ಯಜಮಾನನ ಅಣ್ಣತಮ್ಮಂದಿರದೂ ಸೇರಿ ಮೂರು ಮನೆಯಾಯಿತು. ನಿದ್ದೆಗೆಟ್ಟು ಮೆಟ್ಟಿಲು ತೊಳೆಯುವಾಗ ಜಾರಿ ಬಿದ್ದಳು. ಮುರಿದ ಕೈಯನ್ನು ಯಾರೋ ಹೇಗೋ ಕಟ್ಟಿದರು, ಅದು ಹಾಗೇ ಕೂಡಿಕೊಂಡಿತು. ವಾಪಸು ಬಂದವಳಿಗೆ ಆ ಕೈ ತಲೆಯವರೆಗೆ ಏಳುತ್ತಿರಲಿಲ್ಲ. ಅಂದಿನಿಂದ ಅವಳ ತಲೆ ಬಾಚಿದ್ದು ನಾನೇ. "ಮೆತ್ತಗೆ ಬಾಚೇ ಪಾನಿಂಗ್, ತಲೆ ಏನು ಕುದುರೆ ಬಾಲಾನಾ?" ಎಂದು ದಿನಾ ಬೆಳಗ್ಗೆ ಬೈಸಿಕೊಂಡದ್ದೂ ನಾನೇ.

ಅಂಥವಳ ಮಗಳು ಜೋವೆಲಿನ್ ದೋಹಾಕ್ಕೆ ಹೋಗುವಾಗ ಸೀಲು ಬೀಳದೆ ಹೋದಾಳೇ? ಎಲ್ಲ ಸರಿಯಾಗಿಯೇ ನಡೆಯಿತು. ಆದರೆ ಕೆಲವು ವರ್ಷಗಳಾದ ಮೇಲೆ ಆ ಮನೆಯವರು ದೇಶವನ್ನೇ ಬಿಟ್ಟು ಹೋದರು. ಜೋವಿಗೆ ಬೇರೆ ಮನೆ ಸಿಕ್ಕಿತು. ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಕೆಲಸ, ಕಿಟಕಿ ಇರುವ ಕೋಣೆ, ಶುಕ್ರವಾರ ರಜೆ. "ನನ್ನ ಕೈ ಹಿಡ್ಕೊಂಡೇ ಮಲಗ್ತಾರೆ ಅಮ್ಮ, ನಿನ್ನ ಹಾಗೇ ಗೊರಕೆ ಹೊಡೀತಾರೆ," ಎಂದು ಫೋನಿನಲ್ಲಿ ನಗುತ್ತಿದ್ದಳು. ಹೊಸ ಯಜಮಾನ ಎಂದಮೇಲೆ ಹೊಸ ಕರಾರು, ಹೊಸ ಕರಾರಿಗೆ ಹೊಸ ಸೀಲು. ಸಹಿ ಹಾಕಬೇಕಾದ ಮುದುಕಿಯ ಮಗ ವ್ಯಾಪಾರಕ್ಕೆಂದು ಪರದೇಶದಲ್ಲಿದ್ದ. ಆ ಸೀಲಿಲ್ಲದೆ ಜೋವಿ ಊರಿಗೆ ಬರಬಹುದಿತ್ತು. ತಿರುಗಿ ಹೋಗಲು ಮಾತ್ರ ವಿಮಾನ ನಿಲ್ದಾಣದಲ್ಲಿ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಎದೆ ಕೈಕೊಟ್ಟಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಜೋವಿ ಬರುತ್ತೇನೆಂದು ಹಟ ಹಿಡಿದಳು.

"ಸೀಲು ಬಿತ್ತಾ?" ಎಂದಳು ಅಕ್ಕ, ಉಸಿರು ಎಳೆದುಕೊಂಡು.

"ಯಜಮಾನ್ರು ಇನ್ನೂ ಬಂದಿಲ್ಲಮ್ಮ."

"ಹಾಗಾದ್ರೆ ಬರಬೇಡ. ಅಂಥ ಮನೆ ಮತ್ತೆ ಸಿಗಲ್ಲ. ನಾನು ಸತ್ರೂ ಬರಬೇಡ, ಕೇಳಿಸ್ತಾ? ಹೆಣ ಕಾಯುತ್ತೆ, ಕೆಲಸ ಕಾಯಲ್ಲ."

"ಏನು ಮಾತು ಅಂತ ಆಡ್ತೀಯಾ!" ಎಂದು ನಾನು ಫೋನು ಕಿತ್ತುಕೊಂಡೆ. ಮುಂದಿನ ವಾರ ಒಂದು ಬೆಳಗ್ಗೆ ನಾನು ಬಾಚಣಿಗೆ ಹಿಡಿದು ಎಬ್ಬಿಸಲು ಹೋದಾಗ ಅಕ್ಕ ಏಳಲಿಲ್ಲ.

ಗಾಜಿನ ಮುಚ್ಚಳದ ಶವಪೆಟ್ಟಿಗೆಯನ್ನು ನಡುಮನೆಯಲ್ಲಿ ಇಟ್ಟೆವು. ದೂರದ ಮಕ್ಕಳು ಬರುವ ತನಕ ಹೆಣ ಕಾಯುವುದು ನಮ್ಮಲ್ಲಿ ಇದ್ದದ್ದೇ. ಹೆಣ ಕೆಡದ ಹಾಗೆ ಔಷಧಿ ತುಂಬಿ ಅಕ್ಕನನ್ನು ಸಿಂಗರಿಸಿದ ನೆಸ್ತೋರ್ ಬೈತಲೆಯನ್ನು ತಪ್ಪು ಕಡೆಗೆ ತೆಗೆದಿದ್ದ. ಅವನನ್ನು ಬೈದು, ಗಾಜು ಸರಿಸಿ ನಾನೇ ಸರಿ ಮಾಡಿದೆ. ಈ ಸಲ ಅಕ್ಕ ಬೈಯಲಿಲ್ಲ. ಮೆತ್ತಗೆ ಬಾಚಿದೆನೋ ಒರಟಾಗಿ ಬಾಚಿದೆನೋ ಹೇಳುವವರೇ ಇರಲಿಲ್ಲ ನನಗೆ.

ಹೆಣವಿರುವ ಮನೆಯನ್ನು ಗುಡಿಸುವ ಹಾಗಿಲ್ಲ. ಬಂದವರನ್ನು ಬಾಗಿಲ ತನಕ ಕಳಿಸಿಕೊಡುವ ಹಾಗೂ ಇಲ್ಲ. ಜನ ಬಂದರು, ಕಾಫಿ ಕುಡಿದರು, ರಾತ್ರಿ ಎಚ್ಚರವಿರಲು ಇಸ್ಪೀಟು ಆಡಿದರು. ನೆಲದ ಮೇಲೆ ಬಿಸ್ಕತ್ತಿನ ಪುಡಿ, ಕಲ್ಲಂಗಡಿ ಬೀಜದ ಸಿಪ್ಪೆ, ಮೇಣದ ಹನಿ, ಓಣಿಯ ಕೆಸರು. ಸೀಲಜ್ಜಿ ಎಂದು ನಕ್ಕಿದ್ದವರೆಲ್ಲ, ಪರದೇಶ ಕಂಡು ಬಂದವರು, ಪೆಟ್ಟಿಗೆಗೆ ಹಣೆಯಿಟ್ಟು ಅತ್ತರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಜೋವಿ ಎಲ್ಲಿವರೆಗೆ ಬಂದಳು?"

ಕೊನೆಗೆ ನೆಸ್ತೋರ್ ನನ್ನನ್ನು ಅಡುಗೆಮನೆಗೆ ಕರೆದ. "ಇನ್ನು ಆಗಲ್ಲ ಪಾನಿಂಗಕ್ಕ. ಎರಡು ಸಲ ಮತ್ತೆ ಔಷಧಿ ಹಾಕಿದೀನಿ. ಬೆರಳೆಲ್ಲ ಕಪ್ಪಾಗ್ತಿದೆ. ಜೋವಿ ನೋಡೋ ಹಾಗಿರಲ್ಲ."

ಜೋವಿಗೆ ಫೋನು ಮಾಡಿ, ಅಕ್ಕನ ಮುಖ ಕಾಣುವ ಹಾಗೆ ಗಾಜಿನ ಮೇಲೆ ಹಿಡಿದೆ.

"ಚಿಕ್ಕಮ್ಮ, ಆ ಸೀಲಿಗಿಷ್ಟು ಬೆಂಕಿ ಹಾಕ! ಇವತ್ತೇ ವಿಮಾನ ಹತ್ತುತೀನಿ. ಒಂದೇ ಒಂದು ದಿನ ತಡೀರಿ."

ಜೋವಿಯ ಇಬ್ಬರು ಮಕ್ಕಳು ಪೆಟ್ಟಿಗೆಯ ಪಕ್ಕ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ಅಪ್ಪ ಎಂದೋ ಕೈಬಿಟ್ಟು ಹೋದ ಮಕ್ಕಳು. ದೊಡ್ಡವಳು ನರ್ಸಿಂಗ್ ಓದುತ್ತಿದ್ದಾಳೆ, ಚಿಕ್ಕವಳು ಇನ್ನೂ ಶಾಲೆಯಲ್ಲಿ. ನನ್ನ ಬಾಳೆಹಣ್ಣಿನ ಬಂಡಿ ಆ ಹುಡುಗಿಯರನ್ನು ಓದಿಸುತ್ತದೆಯೇ? ಬಾ ಮಗಳೇ, ಓಡಿ ಬಾ ಎನ್ನಬೇಕೆನಿಸಿತು. ಗಾಜಿನ ಕೆಳಗೆ ಅಕ್ಕನ ಸೊಟ್ಟ ಕೈ ಜಪಮಣಿ ಹಿಡಿದುಕೊಂಡಿತ್ತು.

"ಬರಬೇಡ ಜೋವಿ," ಎಂದೆ. "ನಿಮ್ಮಮ್ಮ ಹೇಳಿದ್ದು ನೆನಪಿಲ್ವಾ?"

"ಹೆಣ ಕಾಯುತ್ತೆ ಅಂದಿದ್ಲಲ್ಲ ಚಿಕ್ಕಮ್ಮ! ಕಾಯುತ್ತೆ ಅಂದಿದ್ಲಲ್ಲ!"

ಆ ಕೂಗು ಓಣಿಗೆಲ್ಲ ಕೇಳಿಸಿತು. ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟರು.

ಮರುದಿನ ಅಕ್ಕನನ್ನು ಮಣ್ಣು ಮಾಡಿದೆವು. ಬಂದು ಪೊರಕೆ ಹಿಡಿದೆ. ಅಷ್ಟು ದಿನದ ಕಸ, ಬುಟ್ಟಿಗಟ್ಟಲೆ. ಗುಡಿಸಿದೆ, ಒರೆಸಿದೆ, ತೆಂಗಿನ ಸಿಪ್ಪೆಯನ್ನು ಕಾಲಡಿ ಇಟ್ಟು ನೆಲದ ಹಲಗೆ ಹಲಗೆ ಉಜ್ಜಿದೆ. ಕೈಕಾಲಿಗೆ ಕೆಲಸ ಇಲ್ಲದಿದ್ದರೆ ನಾನೂ ಅವಳ ಹಿಂದೆಯೇ ಹೋಗಿಬಿಡುತ್ತಿದ್ದೆ.

ಅದೇ ವಾರ ಯಜಮಾನ ಮರಳಿದ. ಕೆಟ್ಟವನಲ್ಲ ಪಾಪ. ವಿಷಯ ತಿಳಿದು ಮರುಗಿ, ತಾನೇ ಕಚೇರಿಗೆ ಓಡಿ, ಟಿಕೆಟ್ಟನ್ನೂ ತೆಗೆಸಿ ಕೊಟ್ಟನಂತೆ. ಜೋವಿ ಬಂದಳು. ಮಕ್ಕಳು ಓಡಿ ಹೋಗಿ ತಬ್ಬಿಕೊಂಡರು. ಅವಳ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸೀಲು ಬಿದ್ದ ಕರಾರು ಇತ್ತು. ಮಡಿಕೆ ಕೂಡ ಬೀಳದ ಹಾಗೆ ತಂದಿದ್ದಳು.

ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟವಳು ಒಳಗೆ ಕಾಲಿಡಲಿಲ್ಲ. ನೆಲವನ್ನೇ ನೋಡುತ್ತ ನಿಂತಳು. ಆಮೇಲೆ ಪೆಟ್ಟಿಗೆ ಇಟ್ಟಿದ್ದ ಜಾಗಕ್ಕೆ ಹೋಗಿ ಕುಕ್ಕರಿಸಿ, ಹಲಗೆಯ ಸಂದಿಗಳಲ್ಲಿ ಉಗುರಾಡಿಸಿ, ಒಂದು ಮೇಣದ ಹನಿಯಾದರೂ ಉಳಿದಿದೆಯೇ ಎಂದು ಹುಡುಕಿದಳು.

"ಗುಡಿಸಿಬಿಟ್ರಾ ಚಿಕ್ಕಮ್ಮ?" ಎಂದಳು. "ಒಂದು ಮೂಲೆನಾದ್ರೂ ನನಗೆ ಅಂತ ಬಿಡಬಾರದಿತ್ತಾ?"

ನೆಲ ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಅವಳು ಬರುತ್ತಾಳೆಂದು ಆ ಬೆಳಗ್ಗೆ ಇನ್ನೊಂದು ಸಲ ಉಜ್ಜಿದ್ದೆ.